ಮಾತು ನಿಂತ ಮನೆಯನ್ನು ರಂಗಕ್ಕೆ ತಂದದ್ದು

ಗಂಡ ಹೆಂಡತಿ ಜಗಳವಾಡುವ ದೃಶ್ಯವನ್ನು ನಮ್ಮ ನಾಟಕ ತಂಡದಲ್ಲಿ ಯಾರು ಬೇಕಾದರೂ ಮಾಡುತ್ತಾರೆ. ಜಗಳವೂ ಇಲ್ಲದೆ, ಪ್ರೀತಿಯೂ ಇಲ್ಲದೆ ಸುಮ್ನೆ ಒಂದೇ ಮನೆಯಲ್ಲಿ ಉಳಿದುಬಿಟ್ಟವರನ್ನು ತೋರಿಸುವುದು ಕಷ್ಟ. ಕಾಸರಗೋಡಿನ ನಟರಿಗೆ ಇನ್ನೂ ಕಷ್ಟ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಹತ್ತಿರ. ನಮ್ಮಲ್ಲಿ ಹೆಚ್ಚಿನವರು ಯಕ್ಷಗಾನದಲ್ಲಿ, ಅದನ್ನೇ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಬೆಳೆದವರು. ಅಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿ ಆ ಪಾತ್ರದ ಮನಸ್ಸನ್ನು ಬಿಡಿಸಿ ಬಿಡಿಸಿ ಹೇಳಬೇಕು, ಎದುರಿನವರು ಉತ್ತರ ಕೊಡಲೇಬೇಕು. ಆ ಕಲೆಯ ಮೇಲೆ ನನಗೆ ತುಂಬ ಗೌರವವಿದೆ. ಆದರೆ ಇಂಗ್ಲಿಷ್ ನಾಟಕಕಾರ ಹೆರಾಲ್ಡ್ ಪಿಂಟರ್ ಅವರ ‘ಬಿಟ್ರೇಯಲ್’ ದೃಶ್ಯಗಳನ್ನು ಅಭ್ಯಾಸಕ್ಕೆಂದು ಕನ್ನಡಕ್ಕೆ ಮಾಡಿಕೊಂಡಾಗ ಬೇರೆ ದಾರಿ ಹುಡುಕಬೇಕಾಯಿತು.

ಅದು 1978ರ ನಾಟಕ. ರಾಬರ್ಟ್ ಮತ್ತು ಎಮ್ಮಾ ಗಂಡ ಹೆಂಡತಿ. ರಾಬರ್ಟನ ಆಪ್ತ ಗೆಳೆಯ ಜೆರ್ರಿಗೂ ಎಮ್ಮಾಗೂ ಏಳು ವರ್ಷದ ಸಂಬಂಧ. ನಾಟಕ ಶುರುವಾಗುವುದು 1977ರಲ್ಲಿ, ಎಲ್ಲ ಮುಗಿದ ಮೇಲೆ. ಕೊನೆಯ ದೃಶ್ಯ 1968ರದ್ದು, ಸಂಬಂಧ ಹುಟ್ಟುವ ರಾತ್ರಿಯದ್ದು. ನಾನು ರಿಹರ್ಸಲ್‌ನಲ್ಲಿ ಮೊದಲು ಇದನ್ನು ನೇರವಾಗಿ, 1968ರಿಂದಲೇ ಮಾಡಿಸಿದೆ. ಆ ರಾತ್ರಿಯ ಉತ್ಸಾಹ ನಟಿಯ ಮೈಗೆ ಹತ್ತದಿದ್ದರೆ ಅದು ಆರಿಹೋದದ್ದನ್ನು ಅವಳು ಹೇಗೆ ತೋರಿಸಬೇಕು? ಆಮೇಲೆ ನಾಟಕದ ಕ್ರಮಕ್ಕೆ ತಿರುಗಿಸಿದೆವು.

ಜಾಸ್ತಿ ಸಮಯ ಹೋದದ್ದು ‘ಯಾರಿಗೆ ಏನು ಗೊತ್ತು’ ಎನ್ನುವುದಕ್ಕೆ. 1973ರಲ್ಲಿ, ವೆನಿಸ್ ಪ್ರವಾಸದಲ್ಲಿ ರಾಬರ್ಟನಿಗೆ ಒಂದು ಕಾಗದದಿಂದ ವಿಷಯ ತಿಳಿಯುತ್ತದೆ. ಊರಿಗೆ ಬಂದ ಮೇಲೆ ಅವನು ಜೆರ್ರಿ ಜೊತೆ ಊಟಕ್ಕೆ ಕೂರುತ್ತಾನೆ. ಹೆಂಡತಿಯ ವಿಷಯ ಎತ್ತುವುದೇ ಇಲ್ಲ. ಈಗಿನ ಕಾದಂಬರಿಗಳ ಮೇಲೆ ಸಿಟ್ಟು ಮಾಡುತ್ತಾನೆ! ಆ ಸಿಟ್ಟು ಎಲ್ಲಿಯದು ಎಂದು ಜೆರ್ರಿಗೆ ಗೊತ್ತಿಲ್ಲ. ರಾಬರ್ಟನಿಗೆ ಗೊತ್ತು ಎಂದು ಎಮ್ಮಾಗೆ ಗೊತ್ತು. ಅದನ್ನು ಅವಳೂ ಜೆರ್ರಿಗೆ ಹೇಳುವುದಿಲ್ಲ. ಪ್ರತಿ ದೃಶ್ಯಕ್ಕೂ ಇದನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಅದನ್ನು ಓದದೆ ಯಾರೂ ದೃಶ್ಯಕ್ಕೆ ಇಳಿಯುವ ಹಾಗಿರಲಿಲ್ಲ.

ಇಷ್ಟಾದರೂ ಡೈಲಾಗ್ ನಡುವಿನ ಮೌನ ಖಾಲಿಯಾಗಿಯೇ ಇತ್ತು. ಆಗ ಒಂದು ನಿಯಮ ಮಾಡಿದೆ. ಸ್ಕ್ರಿಪ್ಟ್‌ನಲ್ಲಿ ಮೌನ ಬಂದಲ್ಲೆಲ್ಲ ಪಾತ್ರ ನುಂಗಿದ ಮಾತನ್ನು ಗಟ್ಟಿಯಾಗಿ ಹೇಳಬೇಕು. ಅದೂ ಮನೆಮಾತಿನಲ್ಲಿ. ನಮ್ಮ ಎಮ್ಮಾಳದ್ದು ತುಳು, ರಾಬರ್ಟ್ ಮಾಡಿದವರದ್ದು ಹವ್ಯಕ ಕನ್ನಡ, ಜೆರ್ರಿಯದ್ದು ಮಲಯಾಳಂ. “ಈರ್ ದಾಯೆಗ್ ಪಾತೆರುಜರ್?” ಎಂದು ಅವಳು ಕೇಳಿದಾಗ, ‘ಯಾಕೆ ಮಾತಾಡುವುದಿಲ್ಲ ನೀವು’ ಎನ್ನುವ ಆ ಪ್ರಶ್ನೆಗೆ ರಾಬರ್ಟ್ ಮಾಡುತ್ತಿದ್ದವರು ಮುಖ ತಿರುಗಿಸಿಬಿಟ್ಟರು. ಅದು ನಾನು ಹೇಳಿಕೊಟ್ಟದ್ದಲ್ಲ. ತಾಳಮದ್ದಳೆಯ ಅನುಭವ ಇಲ್ಲಿ ಕೈಹಿಡಿಯಿತು. ನುಂಗಿದ ಮಾತನ್ನು ನಿಂತಲ್ಲೇ ಕಟ್ಟಿ ಆಡುವುದು ಅವರಿಗೆ ಸಲೀಸು. ಮಾತು ಚೆನ್ನಾಗಿ ಕೂತ ಮೇಲೆ ಬಾಯಿ ಮುಚ್ಚಿಸಿದೆ. ಮಾತು ಹೋಯಿತು, ಆ ಮುಖ ಹಾಗೇ ಉಳಿಯಿತು.

ಮೌನವನ್ನು ಮನಸ್ಸಿನಲ್ಲಿ ಎಣಿಸಬೇಡಿ ಎಂದೂ ಹೇಳುತ್ತಿದ್ದೆ. ತಾಳಕ್ಕೆ ಒಗ್ಗಿದವರು ತಮಗೇ ಗೊತ್ತಿಲ್ಲದೆ ಎಣಿಸುತ್ತಾರೆ, ಅದು ನೋಡುವವರಿಗೆ ಕಾಣುತ್ತದೆ. ಎಣಿಸುವ ಬದಲು ಕೈಗೆ ಕೆಲಸ ಬೇಕು. 1975ರ ದೃಶ್ಯದಲ್ಲಿ ಪಿಂಟರ್ ಅವರೇ ಅದನ್ನು ಕೊಟ್ಟಿದ್ದಾರೆ. ಎಮ್ಮಾ, ಜೆರ್ರಿ ಗುಟ್ಟಾಗಿ ಸೇರುತ್ತಿದ್ದ ಬಾಡಿಗೆ ಮನೆಯನ್ನು ಬಿಡುವ ಹೊತ್ತು. ಇಬ್ಬರೂ ಸಾಮಾನಿನ ವಿಷಯ ಮಾತಾಡುತ್ತಾರೆ. ಎಮ್ಮಾಗೆ ಗೊಂಚಲಿನಿಂದ ಬೀಗದ ಕೈ ಬಿಡಿಸಲು ಆಗುವುದಿಲ್ಲ. ನಮ್ಮ ನಟಿಗೆ ನಿಜವಾಗಿಯೂ ಬಿಗಿಯಾದ ಗೊಂಚಲನ್ನೇ ಕೊಟ್ಟೆ. ನಟಿಸುವ ಅಗತ್ಯವೇ ಬರಲಿಲ್ಲ.

ಮುಂದೆ ಮೋಹನ ರಾಕೇಶರ ‘ಆಧೇ ಅಧೂರೇ’ಯನ್ನು ಓದಲು ಕೂರುತ್ತೇವೆ. ಅದು 1969ರ ಹಿಂದಿ ನಾಟಕ. ಗಂಡನ ಪಾತ್ರವನ್ನೂ ಹೆಂಡತಿಯ ಬದುಕಿಗೆ ಬರುವ ಬೇರೆ ಗಂಡಸರ ಪಾತ್ರಗಳನ್ನೂ ಒಬ್ಬನೇ ನಟ ಮಾಡಬೇಕು. ಅಲ್ಲಿ ಎಲ್ಲರೂ ಮಾತಾಡುತ್ತಲೇ ಇರುತ್ತಾರೆ, ಯಾರ ಮಾತೂ ಯಾರಿಗೂ ತಲುಪುವುದಿಲ್ಲ. ಈ ಸಲ ನಮ್ಮ ಅರ್ಥಧಾರಿಗಳನ್ನು ತಡೆಯುವ ಕೆಲಸ ನನಗಿಲ್ಲ.