ಒಂದು ಕಾಲಂ ಒಡೆದ ಕಥೆ

ರಕ್ತದೊತ್ತಡದ ಮಾತ್ರೆ ತಪ್ಪಿಸುವವರ ಕುರಿತ ನಮ್ಮ ಮೊದಲ ಸಮೀಕ್ಷೆಯಲ್ಲಿ ‘ಲಿಂಗ’ ಎಂಬ ಒಂದೇ ಕಾಲಂ ಇತ್ತು. ಮಾಹಿತಿ ಸಂಗ್ರಹಿಸಲು ಹೋದವರು ಯಾರನ್ನೂ ಕೇಳದೆ, ಮುಖ ನೋಡಿ ತುಂಬಿಕೊಂಡು ಬಂದಿದ್ದರು. ‘ಹೆಂಗಸರೇ ಹೆಚ್ಚು ತಪ್ಪಿಸುತ್ತಾರೆ’ ಎಂದು ವರದಿ ಬರೆದು ಬೀಗಿದೆ. ಏಕೆ ಎಂದು ಯಾರೋ ಕೇಳಿದಾಗ ಬಾಯಿ ಕಟ್ಟಿತು.

ಎರಡನೆಯ ಸಲ ಆ ಕಾಲಂ ಒಡೆದೆ. ಹುಟ್ಟಿದಾಗ ದಾಖಲಾದ ಲಿಂಗ ಒಂದು, ಈಗ ತಮ್ಮನ್ನು ಏನೆಂದು ಗುರುತಿಸಿಕೊಳ್ಳುತ್ತಾರೆ ಎಂಬುದು ಇನ್ನೊಂದು. ಜೊತೆಗೆ, ಮನೆಯವರ ಆರೈಕೆಗೆ ದಿನಕ್ಕೆಷ್ಟು ಗಂಟೆ, ಔಷಧದ ಹಣ ಯಾರ ಕೈಯಲ್ಲಿದೆ. ‘ಹೀಗೆ ಹೋಳು ಮಾಡಿದರೆ ಹೋಳಿಗಿಬ್ಬರು ಉಳಿಯುತ್ತಾರೆ’ ಎಂದು ನಮ್ಮ ಸಂಖ್ಯಾಶಾಸ್ತ್ರಜ್ಞರು ನಕ್ಕರು. ಮಾತು ಸುಳ್ಳಲ್ಲ, ಒಂದು ಅಂಶದ ಪರಿಣಾಮ ಇನ್ನೊಂದಕ್ಕೆ ತಕ್ಕಂತೆ ಬದಲಾಗುವ, ಮುಖ್ಯ ಪರಿಣಾಮದಷ್ಟೇ ಗಾತ್ರದ ಅಂತರ್‌ಕ್ರಿಯೆ ಹಿಡಿಯಲು ಸುಮಾರು 4 ಪಟ್ಟು ಜನ ಬೇಕು. ಅದಕ್ಕೇ ನಾನು ಹೋಳು ಮಾಡಲಿಲ್ಲ, ಆರೈಕೆಯ ಗಂಟೆಗಳನ್ನು ಗುಂಪುಗಳಾಗಿಸದೆ ಗಂಟೆಗಳಾಗಿಯೇ ಲೆಕ್ಕಕ್ಕೆ ಹಾಕಿದೆ.

ದುಡ್ಡು ಹೋದದ್ದು ಪ್ರಶ್ನಾವಳಿಯಲ್ಲಿ. ಎರಡು ಸಲ ಅಚ್ಚಾಗಿ ಎರಡು ಸಲವೂ ರದ್ದಿಯಾಯಿತು. ಅನುದಾನದ ಐದನೇ ಒಂದು ಪಾಲು ಅಲ್ಲಿಗೇ. ‘ಲಿಂಗತ್ವ’ ಎಂದು ಬರೆದರೆ ಪದವೀಧರರೂ ‘ಹಾಗೆಂದರೆ?’ ಎಂದರು. ಚಿತ್ರ ತೋರಿಸಿ ನೋಡಿದೆವು, ಜನ ಚಿತ್ರದ ಸೀರೆಯ ಬಗ್ಗೆ ಮಾತಾಡಿದರು. ಕೊನೆಗೆ ಪದವನ್ನೇ ಕೈಬಿಟ್ಟೆವು: ‘ನೀವು ನಿಮ್ಮನ್ನು ಏನೆಂದು ಹೇಳಿಕೊಳ್ಳುತ್ತೀರಿ?’ ಮನೆಯವರ ಕಿವಿಗೆ ಬೀಳದಂತೆ ಹೆಡ್‌ಫೋನ್‌ನಲ್ಲಿ ಕೇಳಿಸಿ, ಟ್ಯಾಬ್ಲೆಟ್‌ನಲ್ಲಿ ತಾವೇ ಒತ್ತುವಂತೆ ಮಾಡಿದ ಮೇಲೆ, ಖಾಲಿ ಬಿಡುವವರು ನೂರಕ್ಕೆ ಹದಿನೈದರಿಂದ ಮೂರೋ ನಾಲ್ಕಕ್ಕೋ ಇಳಿದರು.

ಆರೈಕೆಯ ಗಂಟೆ ಸೇರಿಸಿದೊಡನೆ ಗಂಡು-ಹೆಣ್ಣಿನ ಅಂತರದಲ್ಲಿ ಮೂರರಲ್ಲಿ ಎರಡು ಪಾಲು ಕರಗಿತು. ಹಾಸಿಗೆ ಹಿಡಿದ ಹೆಂಡತಿಯನ್ನು ನೋಡಿಕೊಳ್ಳುವ ವೃದ್ಧರೊಬ್ಬರು ಒಂದೂ ಒಡೆಯದ ಮಾತ್ರೆಯ ಪಟ್ಟಿ ತೋರಿಸಿ, ‘ಅವಳದ್ದು ಮುಗಿಯುವಷ್ಟರಲ್ಲಿ ನನ್ನದು ಮರೆತೇ ಹೋಗುತ್ತದೆ’ ಎಂದಿದ್ದರು.

‘ನೋಡಿ, ಎಲ್ಲ ಸಮಾಜದ್ದೇ’ ಎಂದು ಕೆಲವರು ಕುಣಿದರು. ನನಗೆ ಒಪ್ಪಿಗೆಯಿಲ್ಲ. ಉಳಿದ ಪಾಲನ್ನು ಕೆದಕಿದಾಗ ಸಿಕ್ಕಿದ್ದು ಒಣಕೆಮ್ಮು. ಎನಲಾಪ್ರಿಲ್ ಜಾತಿಯ ಮಾತ್ರೆಗಳ ಈ ಕೆಮ್ಮು ಹೆಂಗಸರಲ್ಲೇ ಹೆಚ್ಚು. ಹಲವರು ಅದಕ್ಕೇ ಮಾತ್ರೆ ಬಿಟ್ಟಿದ್ದರು. ಜೋಲ್ಪಿಡೆಮ್ ನಿದ್ರೆಮಾತ್ರೆಯ ಪ್ರಮಾಣವನ್ನು ಹೆಂಗಸರಿಗೆ ಅರ್ಧಕ್ಕಿಳಿಸಲು ಅಮೆರಿಕ 2013ರವರೆಗೆ ಕಾದಿತ್ತಲ್ಲ, ದೇಹದ ಕಾಲಂ, ಅಂದರೆ ಹುಟ್ಟಿದಾಗ ದಾಖಲಾದ ಲಿಂಗ, ಅಳಿಸಿದರೆ ಅಂಥದ್ದೇ ಆಗುತ್ತದೆ.

ನಕ್ಕಿದ್ದ ಸಂಖ್ಯಾಶಾಸ್ತ್ರಜ್ಞರು ಮೊನ್ನೆ ನಮ್ಮ ಪ್ರಶ್ನಾವಳಿ ಕೇಳಿದರು, ಕೊಟ್ಟೆ. ಗುರುತಿನ ಪ್ರಶ್ನೆಯನ್ನು ಎಷ್ಟನೆಯದಾಗಿ, ಯಾವುದರ ಬೆನ್ನಿಗೆ ಇಡಬೇಕೆಂಬುದನ್ನು ಮಾತ್ರ ನಾನು ಇನ್ನೂ ಹೇಳಿಲ್ಲ.