ಚಾ ಅಂಗಡಿ ಹಲಗೆ, ಸುಗ್ಗಿ, ಮತ್ತೆ ಗೂಡಿಗೆ 53 ದಿನ

2025ರ ಮಾರ್ಚ್ 11, ಮಂಗಳವಾರ, ನನ್ನ ಅಂಗಡಿ ಹಲಗೆ ಮೇಲೆ ಬರ್ದಿದ್ದು ಹೀಗೆ. ತಾರ್ಲೆ ಮೀನು ಇಲ್ಲ. ನೊಗಲಿ ಮೀನು ಸ್ವಲ್ಪ. ಬೆಳಿಗ್ಗೆ 7ಕ್ಕೆ ಡಾಲ್ಫಿನ್ 4, ಬಂಡೆಯಿಂದ ಹೊರಗೆ, ಬಡಗಕ್ಕೆ ಹೋದ್ವು. ಸಂಜೆ ಸುಗ್ಗಿ ಕುಣಿತ ಬರ್ತದೆ. ಗೂಡಿಗೆ 39 ದಿನ.

ಪರ ಊರಿನೋರು ಚಾ ಕುಡೀಲಿಕ್ಕೆ ನಿಂತ್ರೆ ಈ ಕೊನೇ ಸಾಲು ಓದಿ ಎಂತದ್ದು ಗೂಡು ಅಂತ ಕೇಳೇ ಕೇಳ್ತಾರೆ. ಹೇಳ್ತೆ ತಡೀರಿ, ಮೊದ್ಲು ಹಲಗೆ ಹೆಂಗೆ ಬಂತು ಅಂತ ಹೇಳ್ಬೇಕು.

ನಮ್ದು ಅಂಕೋಲಾ ಹತ್ರ ಕಡಲ ದಡದ ಊರು. ನಮ್ಮನೆಯವ್ರು ಸಣ್ಣ ದೋಣೀಲಿ ಬಲೆಗೆ ಹೋಗ್ತಾರೆ, ನಾನು ದಡದ ಮೇಲೆ ಚಾ ಅಂಗಡಿ ಇಟ್ಕೊಂಡಿದ್ದೇನೆ, ಬೆಳಿಗ್ಗೆ 4ಕ್ಕೆ ಬಾಗ್ಲು ತೆಗೀತೆ. 2024 ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದಿದ್ದು ನಿಮಗೆಲ್ಲ ನೆನಪಿರ್ಬೇಕು, ಗಂಗಾವಳಿ ದಂಡೆ ಮೇಲೆ, ಅಲ್ಲಿ ಜೀವ ಹೋದೋರಲ್ಲಿ ಒಂದು ಚಾ ಅಂಗಡಿಯ ಸಂಸಾರನೂ ಇತ್ತು, ಅದ್ರ ಬಗ್ಗೆ ನಾ ಜಾಸ್ತಿ ಬರಿಯೋದಿಲ್ಲ. ಹೈವೇ ಬಂದ್ ಆಗಿ ಊರಿಗೆ ಊರೇ ಗಾಬರಿ, ಕುಮಟಾ ಕಡೆ ಹೋಗೋರು, ಆಸ್ಪತ್ರೆಗೆ ಹೋಗೋರು ಎಲ್ರೂ ನನ್ನ ಹತ್ರನೇ ಬಂದು ರಸ್ತೆ ಬಿಟ್ರಾ ಅಕ್ಕಾ ಅಂತ ಕೇಳೋದು, ನೂರು ಸಲ ಅದನ್ನೇ ಹೇಳಿ ಹೇಳಿ ಬಾಯಿ ನೋವು ಬಂದು ಮಗನ ಹಳೇ ಕರಿಹಲಗೆ ತಂದು ಅಂಗಡಿ ಕಂಬಕ್ಕೆ ಕಟ್ಟಿ "ರಸ್ತೆ ಬಂದ್" ಅಂತ ಬರ್ದೆ. ಮಳೆ ಮುಗೀತು, ರಸ್ತೆ ಬಿಟ್ರು, ಹಲಗೆ ಮಾತ್ರ ಅಲ್ಲೇ ಉಳೀತು. ಖಾಲಿ ಇದ್ರೆ ಚೆಂದ ಕಾಣೂದಿಲ್ಲ ಅಂತ ಯಾವ ಮೀನು ಬಂತು ಬರೀಲಿಕ್ಕೆ ಶುರು ಮಾಡ್ದೆ, ಆಮೇಲೆ ಭಜನೆ, ಯಕ್ಷಗಾನ ಆಟ, ಸಂಘದ ಮೀಟಿಂಗು, ಯಾರ ಮನೆ ಮದುವೆ. ಪ್ರಾಣಿ ಪಕ್ಷಿ ಹಲಗೆಗೆ ಹತ್ತಿದ್ದು ಎಲ್ಲಕ್ಕಿಂತ ಕಡೇಗೆ.

ಅದೂ ನನ್ನ ಐಡಿಯಾ ಅಲ್ಲ. ದೋಣಿ ಇಳಿದು ಬಂದೋರು ಚಾ ಕುಡೀತಾ ಹೇಳೋ ಸುದ್ದಿನೇ ಅದು. ಅವ್ರು ಅದನ್ನ ಸುದ್ದಿ ಅಂತ ಹೇಳೂದಿಲ್ಲ, ಬಲೆ ಹರಿದದ್ದು ಹೇಳುವಾಗ ನಡುವೆ ಬಂದು ಹೋಗ್ತದೆ, ಅಷ್ಟೆ. ನಾ ಹಿಡ್ಕೊಂಡು ಬರ್ದೆ. ಶುರುವಿಗೆ ಭಾರೀ ಎಡವಟ್ಟು ಆಯ್ತು. ಒಬ್ಬ ಬಂದು ತಿಮಿಂಗಿಲ ಕಂಡೆ ಅಂದ, ನಾನೂ ದೊಡ್ಡದಾಗಿ ಬರ್ದೆ, ಅರ್ಧ ಊರು ದಡಕ್ಕೆ ಬಂತು, ಮಧ್ಯಾಹ್ನ ತೇಲಿ ಬಂದದ್ದು ಮಗುಚಿ ಬಿದ್ದ ಯಾರದ್ದೋ ಹಳೇ ಫೈಬರ್ ದೋಣಿ. ಆವತ್ತಿಂದ ಒಂದು ಕಟ್ಟುಪಾಡು, ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು, ಯಾವ ಕಡೆ ಹೋಯ್ತು, ಈ ನಾಲ್ಕು ಹೇಳ್ದೆ ಇದ್ರೆ ಬರಿಯೋದಿಲ್ಲ. ಖಾತ್ರಿ ಇಲ್ದೆ ಇದ್ರೆ ಮುಂದೆ ಪ್ರಶ್ನೆ ಚಿಹ್ನೆ. ನಮ್ಮ ಗಂಡಸರಿಗೆ ಆ ಪ್ರಶ್ನೆ ಚಿಹ್ನೆ ಅಂದ್ರೆ ಅವಮಾನ, ಹಂಗಾಗಿ ಮಾರನೇ ದಿನ ಮೊಬೈಲಲ್ಲಿ ಫೋಟೋ ಹೊಡ್ಕೊಂಡೇ ಬರ್ತಾರೆ.

ಇನ್ನೊಂದು ತಪ್ಪು ಪೂರಾ ನನ್ನದೇ. ನಮ್ಮ ಗುಡ್ಡದ ಮೇಲೆ ಎತ್ತರದ ಮರದಲ್ಲಿ ಬಿಳಿಹೊಟ್ಟೆ ಕಡಲಹದ್ದು ಗೂಡು ಮಾಡಿತ್ತು, ಕಾಲಲ್ಲಿ ಕಡಲ ಹಾವು ಜೋತಾಡಿಸ್ಕೊಂಡು ಹಾರಿ ಬರೋದು ಅಂಗಡಿಯಿಂದಲೇ ಕಾಣ್ತಿತ್ತು, ನಾ ಖುಷೀಲಿ ಮರ ಎಲ್ಲಿ ಅಂತ ಪೂರ್ತಿ ಬರ್ದುಬಿಟ್ಟೆ. ಯಾರೋ ಹಲಗೆ ಫೋಟೋ ತೆಗೆದು ಕಳ್ಸಿದ್ರು ಕಾಣ್ತದೆ, ಮುಂದಿನ ಆದಿತ್ಯವಾರ ಕಾರಲ್ಲಿ ಬಂದೋರು ಡ್ರೋನ್ ಹಾರ್ಸಿದ್ರು. ಹಕ್ಕಿ ಎರಡು ದಿನ ಆ ಕಡೆ ಸುಳೀಲಿಲ್ಲ. ನಾ ಗೂಡಿನ ಜಾಗ ಬರೆಯೋದು ನಿಲ್ಸಿದೆ. ಇದೆ ಅಂತ ಬರಿತೆ, ಎಲ್ಲಿ ಅಂತ ಬರಿಯೋದಿಲ್ಲ.

ಫೆಬ್ರವರಿ ಕಡೆಗೆ, ಶಿವರಾತ್ರಿ ಟೈಮು, ನಂಗೆ ಇಷ್ಟ ಆಗೋದು ಕಡಲ ಕಾಗೆ. ಮೀನು ಇಳಿಸೋ ಜಾಗದಲ್ಲಿ ಜಗಳ ಆಡ್ಕೊಂಡಿರೋ ಬಿಳಿ ಹಕ್ಕಿಗಳು. ಇಷ್ಟು ವರ್ಷ ಅವು ಎರಡು ಜಾತಿ ಅಂದ್ಕೊಂಡಿದ್ದೆ, ಒಂದು ಬಿಳಿ ತಲೇದು, ಒಂದು ಕಂದು ತಲೇದು. ಹಲಗೆಗೆ ಅಂತ ದಿನಾ ಎಣಿಸ್ಲಿಕ್ಕೆ ಹೋದಾಗ ಗೊತ್ತಾಯ್ತು, ಬಿಳಿ ತಲೇದು ದಿನಾ ಕಮ್ಮಿ, ಕಂದು ತಲೇದು ದಿನಾ ಜಾಸ್ತಿ. ಎಂತ ಇದು ಅಂತ ಹೈಸ್ಕೂಲ್ ಮಾಸ್ತರ್ರ ಹತ್ರ ಕೇಳ್ದೆ, ಅವ್ರು ಹೇಳಿದ್ರು ಎರಡೂ ಒಂದೇ ಹಕ್ಕಿ, ಚಳಿಗಾಲದಲ್ಲಿ ತಲೆ ಬಿಳಿ, ಕಿವಿ ಹತ್ರ ಒಂದು ಕಪ್ಪು ಬೊಟ್ಟು ಅಷ್ಟೆ, ಮರಿ ಮಾಡ್ಲಿಕ್ಕೆ ಟಿಬೆಟ್, ಲಡಾಖ್ ಕಡೆ ಹೊರಡೋ ಮುಂಚೆ ತಲೆ ಪೂರಾ ಕಂದು ಬಣ್ಣಕ್ಕೆ ತಿರುಗ್ತದೆ. ಮದುವೆಗೆ ಹೋಗೋರು ತಲೆಗೆ ಡೈ ಹಾಕ್ಕೊಂಡ ಹಾಗೆ. ಅರ್ಧಂಬರ್ಧ ಬಣ್ಣ ಬಂದದ್ದು, ಕೊಳೆ ಟೋಪಿ ಹಾಕ್ಕೊಂಡಂಗೆ ಕಾಣೋದು, ಅಂಥದ್ದು ಒಂದು ನನ್ನ ಬೆಂಚಿನ ಮೇಲೇ ಕೂತು ಬನ್ನಿನ ತುಂಡು ಹೊತ್ಕೊಂಡು ಹೋಯ್ತು.

ಈಗ ಗೂಡಿನ ವಿಷ್ಯ. ಜನವರಿ 31ರ ಬೆಳಿಗ್ಗೆ, ಅಮಾಸೆ ಕಳೆದು ಎರಡನೇ ದಿನ, ನಮ್ಮನೆಯವ್ರು ದೋಣಿಗೆ ಹೋದೋರು ತಿರುಗಿ ಬಂದ್ರು, "ಬಾ ಇಲ್ಲಿ, ಟ್ಯಾಕ್ಟರ್ ಹೋದಂಗಿದೆ" ಅಂದ್ರು. ನೋಡಿದ್ರೆ ನೀರಿಂದ ಮೇಲೆ ಸುಮಾರು ಎರಡೂವರೆ ಅಡಿ ಅಗಲದ ಅಚ್ಚು, ಎಡ ಒಂದು ಬಲ ಒಂದು ಹಿಂದೆ ಮುಂದೆ ಗೀಚಿದ ಹಾಗೆ, ಮೇಲೆ ಒಣ ಹೊಯ್ಗೆಯಲ್ಲಿ ಒಂದು ಸುತ್ತು, ಮತ್ತೆ ಬೇರೆ ದಾರೀಲಿ ನೀರಿಗೆ. ಕಡಲಾಮೆ, ಆಲಿವ್ ರಿಡ್ಲೆ ಜಾತೀದು. ನಮ್ಮ ಕಡೆ ನವೆಂಬರಿಂದ ಮಾರ್ಚ್ ತನಕ ಬಂದು ಮೊಟ್ಟೆ ಇಡ್ತವೆ. ಒಂದು ಕಾಲದಲ್ಲಿ ಊರಲ್ಲಿ ಆ ಮೊಟ್ಟೆ ತಿಂತಿದ್ರು, ಸುಳ್ಳು ಯಾಕೆ ಹೇಳ್ಬೇಕು, ಪಿಂಗ್‌ಪಾಂಗ್ ಬಾಲಿನಷ್ಟು, ಚಿಪ್ಪು ಮೆತ್ತಗೆ, ನಾ ಸಣ್ಣವಳಿದ್ದಾಗ ನಮ್ಮನೇಲೂ ತಂದಿದ್ರು. ಈಗ ಮುಟ್ಟಿದ್ರೆ ಕೇಸು, ಹುಲಿಗೆ ಇರೋ ಕಾಯಿದೆನೇ ಇದಕ್ಕೂ.

ಫಾರೆಸ್ಟಿಗೆ ಫೋನ್ ಮಾಡಿದ್ವಿ. ಗಾರ್ಡ್ ಬರೋ ತನಕ ಎರಡು ತಾಸು ನಾಯಿ ಓಡಿಸೋದೇ ಕೆಲ್ಸ, ನಾಯಿಗೆ ವಾಸನೆ ಹೊಡೆದು ಅಚ್ಚಿನ ಮೇಲೇ ಮೂಗು ಇಟ್ಕೊಂಡು ಬರ್ತಿತ್ತು. ಗಾರ್ಡ್ ಬಂದು ಭರತಿ ನೀರು ಇಲ್ಲಿ ತನಕ ಬರೂದಿಲ್ಲ, ತೆಗೆದು ಬೇರೆ ಕಡೆ ಇಡೋದು ಬೇಡ ಅಂತ ಅಲ್ಲೇ ಸುತ್ತ ಬಲೆ ಕಟ್ಟಿದ್ರು. ಮೊಟ್ಟೆ ಜಾಗ ಬದಲಿಸ್ಲೇ ಬೇಕಿದ್ರೆ ಕೆಲವೇ ತಾಸಲ್ಲಿ, ಮೇಲೆ ಕೆಳಗೆ ಆಗದ ಹಾಗೆ ಮಾಡ್ಬೇಕಂತೆ, ತಿರುಗಿಸಿದ್ರೆ ಒಳಗಿದ್ದದ್ದು ಸಾಯ್ತದೆ. 45 ರಿಂದ 60 ದಿನ ಬೇಕು ಅಂದ್ರು. ನಾ ಆವತ್ತೇ ಹಲಗೆ ಮೂಲೇಲಿ "ಗೂಡಿಗೆ 0" ಅಂತ ಬರ್ದೆ, ಮಾರನೇ ದಿನದಿಂದ ಒಂದೊಂದೇ ಏರಿಸ್ತಾ ಹೋದೆ. ಯಾವ ದಿನ ಒಡೀತದೆ ಅಂತ ಚಾ ಬೆಟ್ಟಿಂಗ್ ಶುರು ಆಯ್ತು, ನಾ ಬೇಡ ಅನ್ಲಿಲ್ಲ, ಚಾ ನನ್ನದೇ ಅಲ್ವಾ ಮಾರಾಟ ಆಗೋದು.

ಎಲ್ಲಾ ಸಲೀಸಾಗಿ ಇರ್ಲಿಲ್ಲ. ಫೆಬ್ರವರೀಲಿ ಸತ್ತ ಆಮೆ ಎರಡು ದಡಕ್ಕೆ ಬಿದ್ವು, ಬಲೇಲಿ ಸಿಕ್ಕಿ ಉಸಿರು ಕಟ್ಟಿದ್ದು, ಅದನ್ನೂ ಬರ್ದೆ. ಕೆಲವ್ರು ಬಂದು ಅಳಿಸು ಅಂದ್ರು, ಇದನ್ನ ಓದಿ ನಾಳೆ ನಮ್ಮ ಮೇಲೆ ಬರ್ತಾರೆ ಅಂತ. ಅವ್ರ ಹೆದ್ರಿಕೆನೂ ಸುಳ್ಳಲ್ಲ, ನಮ್ಮನೇಲೂ ಬಲೆನೇ ಅನ್ನ. ಯಾರ ಬಲೆ, ಯಾವ ಬೋಟು ಅಂತ ಬರಿಯೋದಿಲ್ಲ, ಸತ್ತದ್ದು ಮಾತ್ರ ಬರಿತೆ ಅಂದೆ. ಒಬ್ಬ ಇವತ್ತಿಗೂ ನನ್ನ ಅಂಗಡೀಲಿ ಚಾ ಕುಡಿಯೋದಿಲ್ಲ.

ಮಾರ್ಚ್ 11ರ ಸಂಜೆ ಸುಗ್ಗಿ ಬಂತು. ಹಾಲಕ್ಕಿ ಒಕ್ಕಲಿಗರು ಅಂತ ನಮ್ಮ ಕಡೆ ಜನ, ಅವ್ರ ಸುಗ್ಗಿ ಕುಣಿತ ನೋಡ್ದೋರಿಗೆ ಹೇಳೋದು ಬೇಡ, ನೋಡದೇ ಇದ್ದೋರಿಗೆ ಹೇಳಿ ಪ್ರಯೋಜ್ನ ಇಲ್ಲ, ತಲೆ ಮೇಲೆ ಬಣ್ಣ ಬಣ್ಣದ ತುರಾಯಿ, ಕೈಲಿ ಕೋಲು, ಗುಮಟೆ ಜಾಗಟೆ ಸದ್ದಿಗೆ ಅಂಗಡಿ ಗ್ಲಾಸೆಲ್ಲ ಗಲಗಲ. ಈ ಸಲ ಎಲ್ರ ಬಾಯಲ್ಲೂ ಸುಕ್ರಜ್ಜಿ ಮಾತೇ, ಹಾಲಕ್ಕಿ ಹಾಡು ಹಾಡೋ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಫೆಬ್ರವರಿ 13ಕ್ಕೆ ತೀರ್ಕೊಂಡಿದ್ರು, ಒಂದು ತಿಂಗಳೂ ಆಗಿರ್ಲಿಲ್ಲ. ಕುಣಿತ ಮುಗಿದ ಮೇಲೆ ಗುಮಟೆ ಬಾರಿಸೋ ಅಜ್ಜ ಬೆಂಚಲ್ಲಿ ಕೂತು ಹಲಗೆ ಓದ್ಸಿಕೊಂಡ್ರು. ಗುಮಟೆ ಅಂದ್ರೆ ಮಣ್ಣಿನ ಗಡಿಗೆ, ಬಾಯಿಗೆ ಮೊದ್ಲು ಉಡದ ಚರ್ಮ ಕಟ್ತಿದ್ರು, ಈಗ ಅದಕ್ಕೂ ಕಾಯಿದೆ ಬಂದು ಆಡಿನ ಚರ್ಮ. "ಆ ನಾದ ಇಲ್ಲ ತಂಗಿ" ಅಂದ್ರು, ಚಾ ಊದಿ ಊದಿ ಕುಡಿದು ಆಮೇಲೆ "ಉಡ ಇದ್ರೆ ನಿನ್ನ ಆಮೆ ಮೊಟ್ಟೆನೂ ಇರೂದಿಲ್ಲ, ಅಗೆದು ತಿಂತದೆ ಅದು" ಅಂದು ಬಾಯಿ ತುಂಬ ನಕ್ರು.

ಹಲಗೇಲಿದ್ದ ಎಡವಟ್ಟು ಹೊರಗೆ ಬಂದದ್ದೂ ಹಿಂಗೆ ಓದಿ ಹೇಳುವಾಗಲೇ. ನಮ್ಮಲ್ಲಿ ಮೀನು ಬುಟ್ಟಿ ಹೊರೋ ಒಬ್ರು ಅಕ್ಕ ಇದ್ದಾರೆ, ಓದ್ಲಿಕ್ಕೆ ಬರೂದಿಲ್ಲ, ದಿನಾ ಬೆಳಿಗ್ಗೆ "ಎಂತ ಬರ್ದಿದೆ ಓದೇ" ಅಂತಾರೆ. ಹೋಳಿ ಮುಗಿದ ಮಾರನೇ ದಿನ ಓದ್ದೆ, ಈ ಕಡೆ "22, 23ಕ್ಕೆ ಹೊನಲು ಬೆಳಕಿನ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟ್, ಹೊಯ್ಗೆ ಬಯಲು", ಆ ಕಡೆ "ಗೂಡಿಗೆ 43 ದಿನ". ಅಕ್ಕ ಬುಟ್ಟಿ ಕೆಳಗಿಟ್ಟು ಬೆರಳು ಮಡಚಿ ಎಣಿಸಿದ್ರು. "22ಕ್ಕೆ 50 ಆಗ್ತದಲ್ಲೇ. ಮರಿ ಬೆಳಕಿಗೆ ಹೋಗ್ತವೆ ಅಂತ ಗಾರ್ಡ ಹೇಳಿದ್ದ ಅಲ್ವನೇ?" ಎರಡೂ ಬರ್ದದ್ದು ನಾನೇ, ನನ್ನ ಕೈಯಾರೆ, ಒಂದು ಗೇಣು ಅಂತರದಲ್ಲಿ, ನಂಗೆ ಹೊಳೀಲೇ ಇಲ್ಲ.

ಮರಿ ಸಾಮಾನ್ಯ ರಾತ್ರಿನೇ ಹೊರಗೆ ಬರೋದು, ಹೊಯ್ಗೆ ತಣ್ಣಗಾದ ಮೇಲೆ. ಕತ್ತಲಲ್ಲಿ ಕಡಲ ಕಡೆ ಬಾನು ಸ್ವಲ್ಪ ಬೆಳ್ಳಗೆ ಇರ್ತದೆ, ಅದನ್ನೇ ನೋಡಿ ಓಡೋದು. ಈ ಕಡೆ ಫ್ಲಡ್‌ಲೈಟ್ ಇದ್ರೆ ಮುಗೀತು, ತಿರುಗಿ ಮೈದಾನಕ್ಕೇ ಬರ್ತವೆ. ಮೈದಾನ ಗೂಡಿಂದ ನೂರು ಹೆಜ್ಜೆನೂ ಇರ್ಲಿಲ್ಲ.

ಹುಡುಗ್ರ ಹತ್ರ ಮಾತಾಡೋದು ಸುಲಭ ಅಲ್ಲ, ಬ್ಯಾನರ್ ಪ್ರಿಂಟ್ ಆಗಿತ್ತು, ಟೀಮಿನೋರು ಎಂಟ್ರಿ ಫೀ ಕಟ್ಟಾಗಿತ್ತು, ಅದ್ರಲ್ಲಿ ಒಬ್ಬ ನನ್ನ ಅಕ್ಕನ ಮಗನೇ. ಮೊದಲ್ನೇ ದಿನ ಉಪದೇಶ ಮಾಡಿದ್ದಕ್ಕೆ ಯಾರೂ ಕೇಳ್ಲಿಲ್ಲ. ಎರಡ್ನೇ ದಿನ ಸುಮ್ನೆ ಬೆಟ್ಟಿಂಗ್ ಪಟ್ಟಿ ತೋರ್ಸಿದೆ, ಅವ್ರಲ್ಲೇ ಆರು ಜನ 22, 23ಕ್ಕೆ ಚಾ ಕಟ್ಟಿದ್ರು! ಆಮೇಲೆ ಅವ್ರೇ ಲೆಕ್ಕ ಹಾಕಿದ್ರು. ಪಿಚ್ ಒಳಗಡೆ ಗಾಳಿಮರದ ಆಚೆ ಹೋಯ್ತು, ಲೈಟಿನ ಕಂಬ ಎಲ್ಲಾ ಊರಿನ ಕಡೆ ಮುಖ ಮಾಡ್ತು, ಕಡಲ ಕಡೆಗೆ ಹಸಿರು ನೆಟ್ ಎರಡು ಪದರ ಕಟ್ಟಿದ್ರು, ರಾತ್ರಿ 10ಕ್ಕೆ ಲೈಟ್ ಬಂದ್, ಫೈನಲ್ ಆದಿತ್ಯವಾರ ಹಗಲಿಗೆ. ಒಂದು ಟೀಮು ಹೊನಲು ಬೆಳಕು ಅಂತ ಹೇಳಿ ಹಗಲಲ್ಲಿ ಆಡಿಸ್ತೀರಾ ಅಂತ ಜಗಳ ಮಾಡಿ ದುಡ್ಡು ವಾಪಸ್ ತಗೊಂಡು ಹೋಯ್ತು. ಎರಡೂ ರಾತ್ರಿ ಸರದಿ ಮೇಲೆ ಗೂಡಿನ ಹತ್ರ ಕೂತ್ವಿ. ಏನೂ ಆಗ್ಲಿಲ್ಲ. ಬೆಟ್ಟು ಸೋತೋರ ಮುಖ ನೋಡ್ಬೇಕಿತ್ತು.

ಮಾರ್ಚ್ 25, ಮಂಗಳವಾರ. 53ನೇ ದಿನ. ಯಾರೂ ಕಾವಲಿರ್ಲಿಲ್ಲ. ನಾ ದಿನದ ಹಾಗೆ 4ಕ್ಕೆ ಬಂದು ಬಾಗ್ಲು ತೆಗೆದು ಹೊರಗಿನ ಟ್ಯೂಬ್‌ಲೈಟ್ ಹಾಕಿ ಹಾಲಿಟ್ಟೆ. ಸ್ವಲ್ಪ ಹೊತ್ತಿಗೆ ಬೆಂಚಿನ ಅಡಿ ಎಂತದೋ ಕರಕರ ಸದ್ದು, ಏಡಿ ಇರ್ಬೇಕು ಅಂದ್ಕೊಂಡೆ. ಬಗ್ಗಿ ನೋಡಿದ್ರೆ ಹಾಲಿನ ಕ್ಯಾನಿಗೆ ತಲೆ ಗುದ್ದಿಕೊಂಡು ಒಂದು ಮರಿ. ಕಪ್ಪು ಬೂದು ಬಣ್ಣ, ನನ್ನ ಹೆಬ್ಬೆರಳಿಗಿಂತ ಅಷ್ಟೇನು ದೊಡ್ಡದಲ್ಲ, ಬೆನ್ನಿಗೆ ಹೊಯ್ಗೆ ಅಂಟಿತ್ತು, ಹಿಂದೆ ಹೋಗ್ಲಿಕ್ಕೆ ಬರ್ದೆ ಕ್ಯಾನನ್ನೇ ತಳ್ತಾ ಇತ್ತು. ಅದ್ರ ಹಿಂದೆ ಇನ್ನೊಂದು. ಒಟ್ಟು ಒಂಬತ್ತು, ಸಾಲಾಗಿ, ನನ್ನ ಲೈಟಿಗೆ. ಊರಿನ ಹುಡುಗ್ರ ಕಂಬ ತಿರುಗಿಸಿದೋಳು ನಾನು, ನನ್ನ ಅಂಗಡಿ ಟ್ಯೂಬು ನೆಟ್ಟಗೆ ಗೂಡಿಗೇ ಮುಖ ಮಾಡಿ ಉರೀತಿತ್ತು.

ಲೈಟ್ ಆರ್ಸಿ ಗಾರ್ಡಿಗೆ ಫೋನ್ ಮಾಡ್ದೆ. ನೀರಿನ ಬಕೆಟಿಗೆ ಹಾಕ್ಬೇಡ, ನೇರ ನೀರಿಗೂ ಬಿಡ್ಬೇಡ, ಹಸಿ ಹೊಯ್ಗೆ ಮೇಲೆ ಇಟ್ಟು ತಾವೇ ನಡ್ಕೊಂಡು ಹೋಗ್ಲಿ, ಟಾರ್ಚ್ ಹಾಕ್ಬೇಡ ಅಂದ್ರು. ಮೀನಿನ ಅಕ್ಕ ಅಷ್ಟೊತ್ತಿಗೆ ಬಂದಿದ್ರು, ಖಾಲಿ ಬುಟ್ಟಿಗೆ ಒಂಬತ್ತನ್ನೂ ಹಾಕ್ಕೊಂಡು ಇಬ್ರೂ ಕತ್ತಲಲ್ಲಿ ತಡವರಿಸ್ಕೊಂಡು ಹೋದ್ವಿ. ಗೂಡಿನ ಹತ್ರ ಹೊಯ್ಗೆ ತಗ್ಗಾಗಿತ್ತು, ಉಳಿದವು ಆಗಲೇ ಇಳ್ದಿದ್ವು, ಸಣ್ಣ ಸಣ್ಣ ಅಚ್ಚು ಬಲೆಯ ಅಡಿಯಿಂದ ನೀರಿನ ತನಕ. ನಮ್ಮ ಒಂಬತ್ತರಲ್ಲಿ ಒಂದನ್ನ ಏಡಿ ಕಣ್ಣೆದುರೇ ಬಿಲಕ್ಕೆ ಎಳ್ಕೊಂಡು ಹೋಯ್ತು, ನಾ ಓಡೋದ್ರೊಳಗೆ ಮುಗ್ದಿತ್ತು. ಎಂಟು ನೀರು ಮುಟ್ಟಿದ್ವು. ಮೊದಲ್ನೇ ತೆರೆ ಬಂದು ಎರಡು ಮಾರು ಹಿಂದೆ ತಂದು ಬಿಸಾಡ್ತು, ಮತ್ತೆ ಶುರು, ಮತ್ತೆ ಬಿಸಾಡ್ತು, ಮೂರನೇ ಸಲಕ್ಕೆ ಕಾಣ್ಲಿಲ್ಲ.

ತಿರುಗಿ ಬಂದಾಗ ಅಂಗಡಿ ಮುಂದೆ ನಾಲ್ಕು ಜನ ಕತ್ತಲಲ್ಲೇ ನಿಂತಿದ್ರು, ಕರೆಂಟ್ ಇಲ್ವಾ ಅಕ್ಕಾ ಅಂದ್ರು. ಇದೆ, ಹಾಕೂದಿಲ್ಲ ಅಂದೆ. ಗ್ಯಾಸಿನ ಬೆಂಕಿ ಬೆಳಕಲ್ಲೇ ಚಾ ಸೋಸ್ದೆ, ಒಬ್ರಿಗೆ ಸಕ್ರೆ ಹಾಕ್ಲೇ ಇಲ್ಲ. ಬೆಳಕಾದ ಮೇಲೆ ಹಲಗೆ ಒರೆಸಿ ಬರ್ದೆ. ಶೆಟ್ಲಿ (ಸೀಗಡಿ) ಇದೆ. ಕಂದು ತಲೆ ಕಡಲಕಾಗೆ 11. ಗೂಡು ಒಡೀತು, 53. ಒಂಬತ್ತು ಮರಿ ಅಂಗಡಿ ಲೈಟಿಗೆ ಬಂದ್ವು, ಲೈಟು ನಂದು.