ಸ್ಯಾನ್ ಹೋಸೆಯಲ್ಲಿ ಆಡುತ್ತಿದ್ದ ಹುಡುಗ ಈಗ ಎಲ್ಲಿದ್ದಾನೆ?
ಮೈನರ್ ಲೀಗ್ ಬೇಸ್‌ಬಾಲ್ ಆಟಗಾರರ ಬೆನ್ನು ಹತ್ತುವುದು ಹೇಗೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಜೈಂಟ್ಸ್ ಬೇಸ್‌ಬಾಲ್ ತಂಡದ ಪಂದ್ಯ ನೋಡಲು ಮಕ್ಕಳನ್ನು ಕರೆದುಕೊಂಡು ಬರುವ ಕನ್ನಡ ಕುಟುಂಬಗಳು ನಮ್ಮ ಕಡೆ ಸಾಕಷ್ಟಿವೆ. 1942ರಲ್ಲಿ ಕಟ್ಟಿದ ಕ್ರೀಡಾಂಗಣ ಚಿಕ್ಕದು. ಮುಂದಿನ ಸಾಲಿನಲ್ಲಿ ಕುಳಿತರೆ ಪಿಚರ್ ಎಸೆದ ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬಡಿಯುವ ಸದ್ದು ಕಿವಿಗೆ ರಪ್ಪೆಂದು ರಾಚುತ್ತದೆ. ಮಕ್ಕಳು ಯಾರೋ ಒಬ್ಬ ಆಟಗಾರನನ್ನು ಮೆಚ್ಚಿ ಹಸ್ತಾಕ್ಷರ ಹಾಕಿಸಿಕೊಳ್ಳುತ್ತಾರೆ. ಎರಡು ತಿಂಗಳ ನಂತರ ಬಂದರೆ ಅವನು ಇರುವುದಿಲ್ಲ. ‘ತೆಗೆದುಹಾಕಿರಬೇಕು ಬಿಡು’ ಎಂದು ದೊಡ್ಡವರು ಮಾತು ಮುಗಿಸುತ್ತಾರೆ. ಎಷ್ಟೋ ಸಲ ಅವನು ಮೇಲಿನ ತಂಡಕ್ಕೆ ಬಡ್ತಿ ಪಡೆದಿರುತ್ತಾನೆ. ಸರಿಯಾಗಿ ಹುಡುಕಿದರೆ ಸಿಕ್ಕೇ ಸಿಗುತ್ತಾನೆ.

ಮೊದಲು ಹಂತಗಳನ್ನು ತಿಳಿದುಕೊಳ್ಳಿ. 2021ರಿಂದ, ಬೇಸ್‌ಬಾಲಿನ ಅತ್ಯುನ್ನತ ಹಂತವಾದ ಮೇಜರ್ ಲೀಗಿನ 30 ತಂಡಗಳಿಗೆ ತಲಾ ನಾಲ್ಕರಂತೆ 120 ಮೈನರ್ ಲೀಗ್ ತಂಡಗಳಿವೆ. ಸ್ಯಾನ್ ಹೋಸೆ ಈ ನಾಲ್ಕರಲ್ಲಿ ಅತಿ ಕೆಳಗಿನ ಸಿಂಗಲ್-ಎ ಹಂತದ್ದು. ಅದರ ಮೇಲೆ ಆರೆಗಾನ್‌ನ ಯುಜೀನ್, ವರ್ಜೀನಿಯಾದ ರಿಚ್ಮಂಡ್, ನಂತರ ಸ್ಯಾಕ್ರಮೆಂಟೊ, ಕೊನೆಗೆ ಮೇಜರ್ ಲೀಗಿನ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್. ಬ್ರೈಸ್ ಎಲ್ಡ್ರಿಜ್ 2024ರಲ್ಲಿ, 19ನೇ ವಯಸ್ಸಿನಲ್ಲಿ, ಒಂದೇ ಋತುವಿನಲ್ಲಿ ಈ ನಾಲ್ಕೂ ಮೈನರ್ ಲೀಗ್ ತಂಡಗಳಿಗೆ ಆಡಿದ. 2025ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್ ತಲುಪಿದ. ಇಂಥ ಓಟ ಅಪರೂಪ. ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ.

ಎರಡನೆಯದು ಆಯ್ಕೆ. ಐದು ಜನ ಸಾಕು. ಅವರಲ್ಲಿ ಇಬ್ಬರಾದರೂ ಪಿಚರ್‌ಗಳಿರಲಿ. ‘ಮುಂದಿನ ತಾರೆಯರು’ ಎಂಬ ಶ್ರೇಯಾಂಕ ಪಟ್ಟಿಯನ್ನು ಮುಂದಿಟ್ಟುಕೊಂಡು ಆರಿಸಬೇಡಿ, ನೀವು ಕಣ್ಣಾರೆ ಕಂಡವರನ್ನೇ ಆರಿಸಿ. ಎಳೆಯ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ‘ಹೂಡಿಕೆ’ ಎಂದು ಮಾರುವವರ ಹತ್ತಿರ ಸುಳಿಯಲೇಬೇಡಿ.

ಮೂರನೆಯದು, ಹೆಸರಿನ ಜೊತೆ ಸಂಖ್ಯೆಯನ್ನೂ ಬರೆದುಕೊಳ್ಳಿ. ಮೇಜರ್ ಲೀಗಿನ ಜಾಲತಾಣದಲ್ಲಿ ಪ್ರತಿ ಆಟಗಾರನ ಪುಟದ ವಿಳಾಸದ ಕೊನೆಯಲ್ಲಿ ಆರಂಕಿಯ ಗುರುತಿನ ಸಂಖ್ಯೆ ಇರುತ್ತದೆ. ತಂಡ ಬದಲಾದರೂ ಅದು ಬದಲಾಗುವುದಿಲ್ಲ. ಬರೀ ಹೆಸರನ್ನು ನಂಬಿದರೆ ದಾರಿ ತಪ್ಪುವುದು ಖಂಡಿತ. 2020ರ ನ್ಯಾಷನಲ್ ಲೀಗ್ ಫೈನಲ್‌ನಲ್ಲಿ ವಿಲ್ ಸ್ಮಿತ್ ಎಸೆದ ಚೆಂಡಿಗೆ ವಿಲ್ ಸ್ಮಿತ್ ಹೋಮ್ ರನ್ ಬಾರಿಸಿದ್ದ!

ಜನ ಎಡವುವುದು ನಾಲ್ಕನೆಯ ಹೆಜ್ಜೆಯಲ್ಲಿ. ತಂಡದ ಪುಟದಲ್ಲಿ ‘ಟ್ರಾನ್ಸಾಕ್ಷನ್ಸ್’ ಎಂಬ ಪಟ್ಟಿ ಇರುತ್ತದೆ. ಆಟಗಾರರ ಒಂದೊಂದು ಬದಲಾವಣೆಗೆ ಒಂದೊಂದೇ ಸಾಲು. ಇದನ್ನು ಮಂಗಳವಾರ ತಪ್ಪದೆ ನೋಡಿ. ಮೈನರ್ ಲೀಗಿನಲ್ಲಿ ಸರಣಿಗಳು ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದವರೆಗೆ ಇರುತ್ತವೆ, ಸೋಮವಾರ ಬಿಡುವು. ಹಾಗಾಗಿ ಬದಲಾವಣೆಗಳು ವಾರದ ಆರಂಭದಲ್ಲೇ ಹೆಚ್ಚು.

‘ಅಸೈನ್ಡ್’ ಎಂದಿದ್ದರೆ ಒಂದು ತಂಡದಿಂದ ಇನ್ನೊಂದಕ್ಕೆ ಕಳುಹಿಸಿದ್ದಾರೆ ಎಂದಷ್ಟೇ. ಮೇಲಕ್ಕೋ ಕೆಳಕ್ಕೋ ಎಂಬುದನ್ನು ಊರಿನ ಹೆಸರು ನೋಡಿ ತಿಳಿಯಬೇಕು. ‘ಆಪ್ಷನ್ಡ್’ ಎಂದಿದ್ದರೆ ಅವನು ಈಗಾಗಲೇ ಮೇಜರ್ ಲೀಗ್ ತಂಡದ 40 ಜನರ ಪಟ್ಟಿಯಲ್ಲಿದ್ದಾನೆ, ತಾತ್ಕಾಲಿಕವಾಗಿ ಕೆಳಗಿಳಿಸಿದ್ದಾರೆ ಎಂದರ್ಥ. ಮೊದಲ ಬಾರಿ ಆ ಪಟ್ಟಿಗೆ ಸೇರಿಸಿ ಮೇಲಕ್ಕೆ ಕರೆದಾಗ ‘ಸೆಲೆಕ್ಟೆಡ್’ ಎಂದು ಬರುತ್ತದೆ. ನೀವು ಕಾಯಬೇಕಾದದ್ದು ಈ ಸಾಲಿಗೆ.

ಗಾಯಾಳುಗಳ ಪಟ್ಟಿಯನ್ನು ಇನ್ನೂ ಎಚ್ಚರದಿಂದ ಓದಬೇಕು. ‘7 ದಿನ’ ಎಂದಿದ್ದರೆ ಎಂಟನೇ ದಿನ ಮರಳುತ್ತಾನೆ ಎಂದಲ್ಲ. ಅದು ಕನಿಷ್ಠ ಅವಧಿ, ತಿಂಗಳುಗಟ್ಟಲೆ ಎಳೆಯಬಹುದು. 60 ದಿನಗಳ ಪಟ್ಟಿಗೆ ಹೋದರೆ ಗಾಯ ಗಂಭೀರ ಎಂದೇ ತಿಳಿಯಿರಿ. ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ‘ರಿಹ್ಯಾಬ್’ ಎಂಬ ಸಾಲು. ರಿಚ್ಮಂಡ್‌ನಲ್ಲಿ ಗಾಯಗೊಂಡವನು ಚೇತರಿಸಿಕೊಳ್ಳುವಾಗ ಅರಿಜೋನಾದ ತರಬೇತಿ ಲೀಗಿನಲ್ಲೋ ಸ್ಯಾನ್ ಹೋಸೆಯಲ್ಲೋ ಕೆಲವು ಪಂದ್ಯ ಆಡಬಹುದು. ಅದು ಹಿಂಬಡ್ತಿ ಅಲ್ಲ. ‘ಡೆವಲಪ್‌ಮೆಂಟ್ ಲಿಸ್ಟ್’ ಎಂದಿದ್ದರೂ ಗಾಬರಿ ಬೇಡ. ಪಂದ್ಯದಿಂದ ಬಿಡುವು ಕೊಟ್ಟು ತಂಡದಲ್ಲೇ ಉಳಿಸಿಕೊಂಡಿರುತ್ತಾರೆ. ‘ರಿಲೀಸ್ಡ್’ ಎಂದಿದ್ದರೆ ಮಾತ್ರ ಒಪ್ಪಂದ ಮುಗಿಯಿತು.

ಕೆಲವು ಉಚಿತ ಮೊಬೈಲ್ ಆ್ಯಪ್‌ಗಳು ಇದನ್ನೆಲ್ಲ ತಾವೇ ತಿಳಿಸುತ್ತೇವೆ ಎನ್ನುತ್ತವೆ. ಮೇಜರ್ ಲೀಗಿನ ಸುದ್ದಿ ಮಾತ್ರ ಕಳುಹಿಸಿ, ಸಿಂಗಲ್-ಎ ಹುಡುಗರನ್ನು ಮರೆತೇ ಬಿಡುತ್ತವೆ. ಗೆರೆ ಹಾಕಿದ ಒಂದು ನೋಟ್‌ಪುಸ್ತಕ ಇವೆಲ್ಲಕ್ಕಿಂತ ಮೇಲು. ಪ್ರತಿ ಆಟಗಾರನಿಗೆ ಒಂದು ಪುಟ, ದಿನಾಂಕ ಹಾಕಿ ಒಂದು ಸಾಲು.

ಐದನೆಯದು ಅಂಕಿಅಂಶ. ಬ್ಯಾಟಿಂಗ್ ಸರಾಸರಿ ಒಂದನ್ನೇ ನೋಡಿ ತೀರ್ಪು ಕೊಡಬೇಡಿ, ಮೊದಲು ವಯಸ್ಸು ನೋಡಿ. ಒಂದೇ ಲೀಗಿನಲ್ಲಿ 19ರ ಹುಡುಗನೂ ಕಾಲೇಜು ಮುಗಿಸಿ ಬಂದ 23ರ ಯುವಕನೂ ಒಂದೇ ರೀತಿ ಆಡುತ್ತಿದ್ದರೆ 19ರವನ ಸಾಧನೆ ದೊಡ್ಡದು. ಊರನ್ನೂ ನೋಡಿ. ಸ್ಯಾಕ್ರಮೆಂಟೊ ಆಡುವ ಪೆಸಿಫಿಕ್ ಕೋಸ್ಟ್ ಲೀಗಿನಲ್ಲಿ ಆಲ್ಬಕರ್ಕಿ, ರೀನೊಗಳಂಥ ಎತ್ತರದ ಊರುಗಳಿವೆ. ಅಲ್ಲಿ ಗಾಳಿ ತೆಳು, ಚೆಂಡು ದೂರ ಹಾರುತ್ತದೆ, ಪಿಚರ್‌ಗಳ ಲೆಕ್ಕ ಕೆಡುತ್ತದೆ. ಬ್ಯಾಟರ್ ಎಷ್ಟು ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆಗುತ್ತಾನೆ, ಎಷ್ಟು ಸಲ ವಾಕ್ (ನಾಲ್ಕು ತಪ್ಪು ಎಸೆತಗಳಿಗೆ ಮೊದಲ ಬೇಸ್) ಪಡೆಯುತ್ತಾನೆ ಎಂಬ ಪ್ರಮಾಣ ಮೇಲಿನ ಹಂತಕ್ಕೆ ಹೋದಾಗ ಹೇಗೆ ಬದಲಾಗುತ್ತದೆ ಎಂದು ಗಮನಿಸಿ. ಹಂತ ಬದಲಾದ ಮೊದಲ ಮೂರು ವಾರ ಏನನ್ನೂ ತೀರ್ಮಾನಿಸದಿರುವುದು ಒಳ್ಳೆಯದು.

ಆರನೆಯದು, ಜುಲೈ ಕೊನೆಯ ವಾರ. ತಂಡಗಳು ಆಟಗಾರರನ್ನು ವಿನಿಮಯ ಮಾಡಿಕೊಳ್ಳುವ ಗಡುವು ಸಾಮಾನ್ಯವಾಗಿ ಆಗಲೇ ಬರುತ್ತದೆ. ಪಂದ್ಯದ ನಡುವೆ ಒಬ್ಬನನ್ನು ಹೊರಗೆ ಕರೆದು, ಆಟಗಾರರು ಕೂರುವ ಡಗೌಟಿನಲ್ಲಿ ಜೊತೆಗಾರರು ಅವನನ್ನು ತಬ್ಬಿಕೊಳ್ಳತೊಡಗಿದರೆ ಅವನು ಬೇರೆ ತಂಡದ ಪಾಲಾಗಿರುವ ಸಾಧ್ಯತೆ ಹೆಚ್ಚು. ಇಲ್ಲಿಗೇ ಕೈಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರ. 2011ರಲ್ಲಿ ಸ್ಯಾನ್ ಹೋಸೆಯಲ್ಲಿ ಎಸೆಯುತ್ತಿದ್ದ ಝ್ಯಾಕ್ ವೀಲರ್‌ನನ್ನು ಅದೇ ಜುಲೈನಲ್ಲಿ ಕಾರ್ಲೋಸ್ ಬೆಲ್ಟ್ರಾನ್‌ಗಾಗಿ ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟರು. ಮುಂದೆ ಅವನು ಫಿಲಡೆಲ್ಫಿಯಾ ಪರ 2022ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಮೇಜರ್ ಲೀಗಿನ ಅಂತಿಮ ಸರಣಿಯಲ್ಲಿ, ಎಸೆದ. 2017ರಲ್ಲಿ ಇಲ್ಲಿ ಆಡಿದ ಬ್ರಯನ್ ರೆನಾಲ್ಡ್ಸ್ ಮುಂದಿನ ಜನವರಿಯಲ್ಲೇ ಪಿಟ್ಸ್‌ಬರ್ಗ್‌ಗೆ ಹೋದ, ಅಲ್ಲೇ ಬೇರೂರಿದ. ಅವರು ಯಾವ ಅಂಗಿ ತೊಟ್ಟರೂ ನಿಮ್ಮ ಪಟ್ಟಿಯಲ್ಲಿ ಉಳಿಯಬೇಕು.

ಬೆಂಗಳೂರಿಗೆ ಮರಳಿದವರಿಗೂ ಇದು ಕಷ್ಟವಲ್ಲ. ಸ್ಯಾನ್ ಹೋಸೆಯಲ್ಲಿ ಬೇಸಿಗೆಯ ಸಂಜೆ ಆರೂವರೆಗೆ ಶುರುವಾಗುವ ಪಂದ್ಯ ಅಲ್ಲಿ ಮರುದಿನ ಬೆಳಿಗ್ಗೆ ಏಳಕ್ಕೆ. ಕಾಫಿ ಕುಡಿಯುತ್ತಲೇ ಅಂಕಪಟ್ಟಿ ನೋಡಬಹುದು.

ಸೆಪ್ಟೆಂಬರ್‌ನಲ್ಲಿ ಪಂದ್ಯಗಳು ಮುಗಿದ ಮೇಲೆ ಪುಸ್ತಕ ಮುಚ್ಚಬೇಡಿ. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವನನ್ನು ಐದು ಋತುಗಳ ನಂತರ, 19 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನಲ್ಲಿ ಸಹಿ ಹಾಕಿದವನನ್ನು ನಾಲ್ಕರ ನಂತರ ನವೆಂಬರ್ ಗಡುವಿನೊಳಗೆ 40 ಜನರ ಪಟ್ಟಿಗೆ ಸೇರಿಸಬೇಕು. ಸೇರಿಸದಿದ್ದರೆ ಡಿಸೆಂಬರ್‌ನ ‘ರೂಲ್ 5’ ಆಯ್ಕೆಯಲ್ಲಿ ಬೇರೆ ತಂಡ ಅವನನ್ನು ಎತ್ತಿಕೊಳ್ಳಬಹುದು. ಹಾಗೆ ಎತ್ತಿಕೊಂಡ ತಂಡ ಮುಂದಿನ ಋತುವಿನುದ್ದಕ್ಕೂ ಅವನನ್ನು ಮೇಜರ್ ಲೀಗಿನಲ್ಲೇ ಉಳಿಸಿಕೊಳ್ಳಬೇಕು, ಇಲ್ಲವಾದರೆ ಹಳೆಯ ತಂಡಕ್ಕೆ ಮರಳಿಸಲು ಮುಂದಾಗಬೇಕು. ಆದ್ದರಿಂದ ನಿಮ್ಮ ಐವರ ಪುಟಗಳ ಮೇಲ್ತುದಿಯಲ್ಲಿ ಸಹಿ ಹಾಕಿದ ವರ್ಷ ಮತ್ತು ಆಗಿನ ವಯಸ್ಸನ್ನು ಇಂದೇ ಬರೆದಿಡಿ.